ಉಬ್ಬಿದ ನಾಳದ ಗೋಡೆ ಮತ್ತು ಸಸ್ಯಗಳ ರಸಾಯನ

ಮನುಷ್ಯ ಅಲುಗಾಡದೆ ನಿಂತಾಗ ಹೃದಯದಿಂದ ಪಾದದವರೆಗಿನ ರಕ್ತದ ಕಂಬದ ಭಾರವೆಲ್ಲ ಪಾದದ ಕೀಲಿನ ಬಳಿಯ ಅಭಿಧಮನಿಗಳ ಮೇಲೆ ಬೀಳುತ್ತದೆ. ಆಗ ಅಲ್ಲಿನ ಒತ್ತಡ ಪಾದರಸದ ಮಾಪನದಲ್ಲಿ ಸುಮಾರು 90 ಮಿಲಿಮೀಟರಿನಷ್ಟಿರುತ್ತದೆ. ಅದೇ ಮನುಷ್ಯ ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ ಒತ್ತಡ 30 ಮಿಲಿಮೀಟರಿಗಿಂತ ಕೆಳಗಿಳಿಯುತ್ತದೆ. ಅಶುದ್ಧ ರಕ್ತವನ್ನು ಹೃದಯಕ್ಕೆ ಮರಳಿಸುವ ಈ ಅಭಿಧಮನಿಗಳ ಒಳಗೆ, ಮೇಲೇರಿದ ರಕ್ತ ಮತ್ತೆ ಕೆಳಗಿಳಿಯದಂತೆ ತಡೆಯುವ ತೆಳುವಾದ ಕವಾಟಗಳಿವೆ. ಕವಾಟಗಳು ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಮ್ಮುಖವಾಗಿ ಹರಿದಾಗ ಚರ್ಮದಡಿಯ ನಾಳಗಳು ಹಿಗ್ಗಿ, ಸುತ್ತಿಕೊಂಡು, ಹಸಿರು–ನೀಲಿ ಗಂಟುಗಳಂತೆ ಹೊರಗೆ ಕಾಣಿಸುತ್ತವೆ. ವೈದ್ಯರು ವೆರಿಕೋಸ್ ವೇನ್ಸ್ ಎಂದೂ ರಾಯಚೂರು ಸೀಮೆಯ ಜನ ಕಾಲಿನ ನರ ಉಬ್ಬುವುದೆಂದೂ ಕರೆಯುವುದು ಈ ಕಾಯಿಲೆಯನ್ನೇ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬ್ ನೆಲದಲ್ಲಿ ಕಾಲುಗಳಿಗೆ ದೊರೆಯುವ ವಿಶ್ರಾಂತಿ ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿಯ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳು ಇಡೀ ದಿನ ಕೆಸರಿನಲ್ಲಿ ಬಾಗಿ ನಿಲ್ಲುತ್ತಾರೆ. ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕೆಲಸವೂ ನಿಂತೇ ಆಗುವಂಥದ್ದು. ರಾಯಚೂರು ನಗರದಲ್ಲಿ ಅಕ್ಕಿ ಗಿರಣಿಯ ಹಮಾಲಿ, ಜಿನ್ನಿಂಗ್ ಕಾರ್ಖಾನೆಯ ಕೂಲಿಯವರು, ಬಸ್ಸಿನ ಕಂಡಕ್ಟರ್, ಸಂಚಾರ ಪೊಲೀಸ್, ಸಂಜೆಯಿಂದ ರಾತ್ರಿಯವರೆಗೆ ಕಾದ ಎಣ್ಣೆಯ ಮುಂದೆ ನಿಲ್ಲುವ ಮಿರ್ಚಿ ಬಂಡಿಯವನು, ಇವರೆಲ್ಲರ ಕಾಲಿನ ಮೇಲೂ ಆ ರಕ್ತದ ಕಂಬ ಗಂಟೆಗಟ್ಟಲೆ ನಿಂತಿರುತ್ತದೆ. ಇದರ ಜೊತೆಗೆ ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಚರ್ಮದ ನಾಳಗಳನ್ನು ಇನ್ನಷ್ಟು ಹಿಗ್ಗಿಸುತ್ತದೆ. ಮನೆತನದಲ್ಲಿ ಕಾಯಿಲೆ ಇರುವುದು, ವಯಸ್ಸು, ಬೊಜ್ಜು, ಪದೇ ಪದೇ ಬಸಿರಾಗುವುದು ಇದಕ್ಕೆ ಮುಖ್ಯ ಕಾರಣಗಳೆಂದು ವೈದ್ಯಶಾಸ್ತ್ರ ಹೇಳುತ್ತದೆ. ನಿಂತು ಮಾಡುವ ದುಡಿಮೆ ಅವುಗಳಿಗೆ ಬಲ ಕೊಡುತ್ತದೆ.

ಕವಾಟ ಕೆಟ್ಟಿತು, ಆದ್ದರಿಂದ ನಾಳ ಉಬ್ಬಿತು ಎಂಬ ವಿವರಣೆ ಬಹುಕಾಲ ಸಾಕಷ್ಟೇ ಎನಿಸಿತ್ತು. ಆದರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ನಾಳದ ತುಂಡುಗಳನ್ನು ಪ್ರಯೋಗಾಲಯದಲ್ಲಿ ಪರಿಶೀಲಿಸಿದವರಿಗೆ ಕವಾಟದಷ್ಟೇ ಗೋಡೆಯೂ ರೋಗಗ್ರಸ್ತವೆಂಬುದು ತಿಳಿದುಬಂತು. ಅಭಿಧಮನಿಯ ಗೋಡೆಯಲ್ಲಿ ನುಣುಪು ಸ್ನಾಯುಕೋಶಗಳಿವೆ. ಅವುಗಳ ಸುತ್ತ ಗಟ್ಟಿತನ ಕೊಡುವ ಕೊಲಾಜೆನ್ ಎಳೆಗಳು, ಹಿಗ್ಗಿ ಮತ್ತೆ ಕುಗ್ಗುವ ಗುಣದ ಎಲಾಸ್ಟಿನ್ ಎಳೆಗಳು, ಇವೆರಡರ ನಡುವೆ ನೀರು ಹಿಡಿದಿಟ್ಟುಕೊಳ್ಳುವ ಸಕ್ಕರೆಸರಪಳಿಯ ಅಂಟುಪದಾರ್ಥಗಳಿವೆ. ಈ ಅಂಟುಪದಾರ್ಥಗಳಿಗೆ ಗ್ಲೈಕೋಸಮಿನೋಗ್ಲೈಕಾನ್ ಎಂದು ಹೆಸರು. ಹಯಲುರಾನಿಕ್ ಆಮ್ಲ, ಡರ್ಮಟಾನ್ ಸಲ್ಫೇಟ್ ಮುಂತಾದವು ಈ ಗುಂಪಿನವು. ಆರೋಗ್ಯವಂತ ಗೋಡೆಯಲ್ಲಿ ಹಳೆಯ ಎಳೆ ಕರಗುವುದೂ ಹೊಸ ಎಳೆ ಹುಟ್ಟುವುದೂ ಒಂದಕ್ಕೊಂದು ಸರಿದೂಗಿ ನಡೆಯುತ್ತಿರುತ್ತವೆ, ಉಬ್ಬಿದ ನಾಳದಲ್ಲಿ ಆ ಲೆಕ್ಕ ತಪ್ಪುತ್ತದೆ. ಒಂದನೆಯ ಬಗೆಯ ಬಿರುಸಾದ ಕೊಲಾಜೆನ್ ಹೆಚ್ಚಿ, ಬಾಗುವ ಗುಣವುಳ್ಳ ಮೂರನೆಯ ಬಗೆಯದು ಕಡಿಮೆಯಾಗುತ್ತದೆ, ಎಲಾಸ್ಟಿನ್ ಎಳೆಗಳು ತುಂಡಾಗುತ್ತವೆ, ಸ್ನಾಯುಕೋಶಗಳು ಸಾಲು ತಪ್ಪಿ ಚದುರುತ್ತವೆ. ಫ್ರಾನ್ಸಿನ ಸಂಶೋಧಕರು ಇಂಥ ರೋಗಿಗಳ ನಾಳದ ಕೋಶಗಳಲ್ಲಷ್ಟೇ ಅಲ್ಲ, ಚರ್ಮದ ಕೋಶಗಳಲ್ಲಿಯೂ ಮೂರನೆಯ ಬಗೆಯ ಕೊಲಾಜೆನ್ನಿನ ಉತ್ಪಾದನೆ ಕುಗ್ಗಿರುವುದನ್ನು ಕಂಡರು. ಕೆಲವರಲ್ಲಿ ಕಾಯಿಲೆಯ ಬೇರು ಇಡೀ ದೇಹದ ಅಂಗಾಂಶದ ಹೆಣಿಗೆಯಲ್ಲೇ ಇರಬಹುದೆಂಬ ಅನುಮಾನಕ್ಕೆ ಇದು ಎಡೆ ಮಾಡಿಕೊಟ್ಟಿತು.

ಗೋಡೆ ಹೀಗೆ ಸಡಿಲಗೊಳ್ಳುವುದು ಬರಿಯ ಸವೆತದಿಂದಲ್ಲ. ರಕ್ತ ಮಡುಗಟ್ಟಿದ ಕಡೆ ಆಮ್ಲಜನಕ ಕಡಿಮೆಯಾಗುತ್ತದೆ, ಆಮ್ಲಜನಕ ಸಾಲದ ಒಳಪೊರೆಯ ಕೋಶಗಳು ತೊಂದರೆಯ ಸಂಕೇತಗಳನ್ನು ಹೊರಡಿಸುತ್ತವೆ, ಆ ಸಂಕೇತಕ್ಕೆ ಓಗೊಟ್ಟ ಬಿಳಿ ರಕ್ತಕಣಗಳು ಗೋಡೆಗೆ ಅಂಟಿಕೊಂಡು ಒಳಗೆ ನುಸುಳುತ್ತವೆ. ಈ ಕಾಯಿಲೆ ಬೆಳೆದಾಗ ಬೀಳುವ ಕಾಲಿನ ಹುಣ್ಣಿಗೆ ಇಂಥ ಬಿಳಿಕಣಗಳ ಜಮಾವಣೆಯೇ ಕಾರಣವಿರಬೇಕೆಂಬ ಪ್ರಮೇಯವನ್ನು ಲಂಡನ್ನಿನ ವೈದ್ಯರು 1988ರಲ್ಲಿ ಮುಂದಿಟ್ಟರು. ನುಸುಳಿದ ಕಣಗಳು ಚೆಲ್ಲುವ ಕಿಣ್ವಗಳಲ್ಲಿ ಎಲಾಸ್ಟೇಸ್ ಎಲಾಸ್ಟಿನ್ನನ್ನು ಕತ್ತರಿಸುತ್ತದೆ, ಕೊಲಾಜಿನೇಸ್ ಕೊಲಾಜೆನ್ನನ್ನು ಸೀಳುತ್ತದೆ, ಹಯಲುರಾನಿಡೇಸ್ ಮತ್ತು ಬೀಟಾ ಗ್ಲುಕುರಾನಿಡೇಸ್ ನಡುವಿನ ಅಂಟನ್ನು ಕರಗಿಸುತ್ತವೆ. ಕಾಲುವೆಯ ಗೇಟು ಸೋರಿ ಏರಿಯ ಮಣ್ಣು ತೇವಗೊಂಡು ಒಳಗೊಳಗೇ ಸಡಿಲವಾಗುವ ಬಗೆಯನ್ನು ಕಂಡ ಮಾನ್ವಿಯ ರೈತನಿಗೆ ಇದು ಬೇಗ ಅರ್ಥವಾದೀತು. ನಾಳದ ಗೋಡೆಯಿಂದ ಜಿನುಗಿದ ದ್ರವ ಬಾವಾಗಿ ಕೂರುತ್ತದೆ. ಜೊತೆಗೆ ಹೊರಬಿದ್ದ ಕೆಂಪು ಕಣಗಳ ಕಬ್ಬಿಣ ಚರ್ಮದಲ್ಲಿ ಉಳಿದು ಪಾದದ ಕೀಲಿನ ಮೇಲ್ಭಾಗವನ್ನು ಕಂದು–ಕಪ್ಪಾಗಿಸುತ್ತದೆ. ಆ ಕಪ್ಪಾದ ಜಾಗದಲ್ಲೇ ಕೊನೆಗೆ ಮಾಯದ ಹುಣ್ಣು ಬೀಳುವುದು.

ಸಸ್ಯಜನ್ಯ ಪದಾರ್ಥಗಳು ಈ ಕಥೆಯೊಳಗೆ ಬರುವುದು ಇಲ್ಲಿಂದ. ಅವು ಕವಾಟವನ್ನು ಮುಟ್ಟುವುದಿಲ್ಲ. ಮುಟ್ಟುವುದೇನಿದ್ದರೂ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು, ಒಳಪೊರೆಯ ಕೋಶಗಳ ಸಂಕೇತಗಳನ್ನು ಮತ್ತು ಸೂಕ್ಷ್ಮನಾಳಗಳ ಸೋರಿಕೆಯನ್ನು. ಈ ಒಂದು ಭೇದವನ್ನು ಮರೆತರೆ ಸಸ್ಯೌಷಧದ ಬಗೆಗಿನ ಅತಿಯಾದ ಭರವಸೆಯೂ ಪೂರಾ ತಿರಸ್ಕಾರವೂ ಸಮಾನವಾಗಿ ದಾರಿ ತಪ್ಪಿಸುತ್ತವೆ.

ಇದರ ಆಧುನಿಕ ಚರಿತ್ರೆ 1936ರಲ್ಲಿ ಹಂಗೇರಿಯಲ್ಲಿ ಮೊದಲಾಯಿತು. ಇಸ್ತ್ವಾನ್ ರುಸ್ನ್ಯಾಕ್ ಮತ್ತು ಆಲ್ಬರ್ಟ್ ಸೆಂಟ್ ಜೊರ್ಜಿ ಎಂಬ ವಿಜ್ಞಾನಿಗಳು ನಿಂಬೆಜಾತಿಯ ಹಣ್ಣಿನಿಂದ ತೆಗೆದ ಹಳದಿ ವರ್ಣದ್ರವ್ಯಗಳು ಸೂಕ್ಷ್ಮ ರಕ್ತನಾಳಗಳ ಸೋರಿಕೆಯನ್ನು ಕಡಿಮೆ ಮಾಡುತ್ತವೆಂದು ತಿಳಿಸಿ, ಅವುಗಳಿಗೆ ವಿಟಮಿನ್ ಪಿ ಎಂದು ಹೆಸರಿಟ್ಟರು. ಅವು ವಿಟಮಿನ್ನುಗಳಲ್ಲವೆಂದು ಮುಂದೆ ತೀರ್ಮಾನವಾಗಿ ಆ ಹೆಸರು ಬಿದ್ದುಹೋದರೂ, ಫ್ಲೇವನಾಯ್ಡ್ ಎಂಬ ಈ ಪದಾರ್ಥಗಳ ಗುಂಪು ನಾಳಗಳ ಚಿಕಿತ್ಸೆಯಲ್ಲಿ ಉಳಿದುಕೊಂಡಿತು. ಆಶ್ಚರ್ಯದ ಸಂಗತಿಯೆಂದರೆ ಅದೇ ದಶಕದಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಟಿ. ಆರ್. ಶೇಷಾದ್ರಿ ಮತ್ತು ಕೆ. ನೀಲಕಂಠಂ ಅವರು ಹತ್ತಿಯ ಹೂವಿನ ಹಳದಿ ಬಣ್ಣವನ್ನು ಬಿಡಿಸಿ ನೋಡುತ್ತಿದ್ದರು. ಭಾರತೀಯ ಹತ್ತಿಯ ದಳಗಳಿಂದ ಗಾಸಿಪಿನ್ ಮುಂತಾದ ಫ್ಲೇವನಾಯ್ಡುಗಳನ್ನು ಬೇರ್ಪಡಿಸಿದ ಅವರ ಲೇಖನಮಾಲೆ, ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಾಯಚೂರಿನ ಕರಿಮಣ್ಣಿನ ಹೊಲದಲ್ಲಿ ಬೆಳಿಗ್ಗೆ ಹಳದಿಯಾಗಿ ಅರಳಿ ಮರುದಿನದ ಹೊತ್ತಿಗೆ ಕೆಂಪಾಗುವ ಆ ಹೂವಿನಲ್ಲಿ ನಾಳಗಳಿಗೆ ಸಂಬಂಧಪಟ್ಟ ರಸಾಯನಕುಲವೇ ಅಡಗಿದೆ ಎಂಬುದು ಹತ್ತಿ ಬೆಳೆವ ಜಿಲ್ಲೆಯವರಿಗೆ ತಿಳಿದಿರಬೇಕಾದ ವಿಷಯ. ಆದರೆ ಆ ಹೂವು ಹತ್ತಿಯ ಬೆಳೆಗೆ ಹೊಡೆಯುವ ಕೀಟನಾಶಕವನ್ನೂ ಹೊತ್ತಿರುತ್ತದೆ. ಕಿತ್ತು ಕಷಾಯ ಮಾಡಿ ಕುಡಿಯುವ ಪದಾರ್ಥ ಅದಲ್ಲ.

ರೋಗಿಗಳ ಮೇಲೆ ಹೆಚ್ಚು ಪರೀಕ್ಷೆಗೊಳಗಾದ ಸಸ್ಯಗಳಲ್ಲೊಂದು ಯೂರೋಪಿನ ಹಾರ್ಸ್ ಚೆಸ್ಟ್‌ನಟ್ ಮರ. ಇದರ ದಾಯಾದಿ ಜಾತಿಯೊಂದು ಹಿಮಾಲಯದ ತಪ್ಪಲಿನಲ್ಲಿ ಬೆಳೆಯುತ್ತದೆ, ಬಯಲುಸೀಮೆಯಲ್ಲಿ ಎಲ್ಲಿಯೂ ಇಲ್ಲ. ಹಾರ್ಸ್ ಚೆಸ್ಟ್‌ನಟ್ಟಿನ ಬೀಜದಲ್ಲಿರುವ ಏಸ್ಸಿನ್ ಎಂಬುದು ಸಪೋನಿನ್, ಅಂದರೆ ಅಂಟುವಾಳಕಾಯಿಯಲ್ಲಿರುವಂತೆ ನೀರಿನಲ್ಲಿ ನೊರೆ ಬರಿಸುವ ಪದಾರ್ಥಗಳ ಜಾತಿಗೆ ಸೇರಿದ್ದು. ಉಬ್ಬಿದ ನಾಳದ ರೋಗಿಗಳ ರಕ್ತದಲ್ಲಿ ಗೋಡೆ ಕರಗಿಸುವ ಕಿಣ್ವಗಳ ಮಟ್ಟ ಆರೋಗ್ಯವಂತರಿಗಿಂತ ಹೆಚ್ಚಿರುವುದನ್ನೂ, ಈ ಬೀಜದ ಸಾರವನ್ನು ಕೊಟ್ಟಾಗ ಅದು ಸುಮಾರು ಶೇ 30ರಷ್ಟು ಇಳಿಯುವುದನ್ನೂ ಜರ್ಮನಿಯ ವೈದ್ಯರು 1983ರಲ್ಲಿ ವರದಿ ಮಾಡಿದರು. ಏಸ್ಸಿನ್ ಹಯಲುರಾನಿಡೇಸಿನ ಕೆಲಸಕ್ಕೆ ಅಡ್ಡಿಪಡಿಸುತ್ತದೆಂದು ಇಟಲಿಯ ಸಂಶೋಧಕರು ಮುಂದೆ ಪ್ರಯೋಗಾಲಯದಲ್ಲಿ ತೋರಿಸಿದರು. ಬೆಲ್ಜಿಯಮ್ಮಿನ ಸಂಶೋಧಕರು ಹೆರಿಗೆಯ ನಂತರ ದೊರೆತ ಹೊಕ್ಕುಳಬಳ್ಳಿಯ ಅಭಿಧಮನಿಯ ಕೋಶಗಳಿಗೆ ಆಮ್ಲಜನಕ ತಪ್ಪಿಸಿ ನೋಡಿದಾಗ ಅವುಗಳ ಶಕ್ತಿಯ ನಾಣ್ಯವಾದ ಎಟಿಪಿ ಕುಸಿದು ಬಿಳಿಕಣಗಳು ಅಂಟತೊಡಗಿದವು, ಏಸ್ಸಿನ್ ಇದ್ದಾಗ ಆ ಕುಸಿತ ತಗ್ಗಿತು. ಕಿಣ್ವ, ಕೋಶ, ರಕ್ತ ಎಂಬ ಮೂರು ಹಂತಗಳಲ್ಲಿಯೂ ಒಂದೇ ದಿಕ್ಕಿನ ಸುಳಿವು ದೊರೆತಿರುವುದು ಈ ಸಸ್ಯದ ವಿಶೇಷ.

ಕರ್ನಾಟಕದ ಅಡುಗೆಮನೆಗೆ ಹತ್ತಿರದ ಸಸ್ಯ ಒಂದೆಲಗ. ಕರಾವಳಿ ಮತ್ತು ಮಲೆನಾಡಿನಲ್ಲಿ ತಂಬುಳಿ, ಚಟ್ನಿಯಾಗಿ ಊಟದೆಲೆಗೆ ಬರುವ ಈ ಸೊಪ್ಪು ನೀರಿನ ಪಸೆ ಬೇಡುವುದರಿಂದ ರಾಯಚೂರಿನ ಒಣನೆಲದಲ್ಲಿ ತಾನಾಗಿ ಹಬ್ಬುವುದು ಅಪರೂಪ. ಗ್ರಂಥಿಗೆ ಅಂಗಡಿಯ ಪುಡಿಯಾಗಿಯೇ ಇಲ್ಲಿನವರಿಗೆ ಪರಿಚಿತ. ಜ್ಞಾಪಕಶಕ್ತಿಯ ಔಷಧವೆಂಬ ಕೀರ್ತಿಯ ನೆರಳಿನಲ್ಲಿ ಅದರ ನಾಳದ ಗುಣ ಮರೆಯಾಗಿ ಉಳಿದಿದೆ. ಇದರ ಏಷಿಯಾಟಿಕೋಸೈಡ್, ಮೇಡಕಾಸೋಸೈಡ್ ಎಂಬ ಟ್ರೈಟರ್ಪೀನ್ ಪದಾರ್ಥಗಳು ಮನುಷ್ಯರ ಚರ್ಮದ ಕೋಶಗಳಲ್ಲಿ ಕೊಲಾಜೆನ್ ಉತ್ಪಾದನೆಯನ್ನು ಹೆಚ್ಚಿಸುತ್ತವೆ. ಮೇಡಕಾಸೋಸೈಡ್ ಹೆಚ್ಚಿಸುವುದು ಮೂರನೆಯ ಬಗೆಯ ಕೊಲಾಜೆನ್ನನ್ನು, ಅಂದರೆ ಉಬ್ಬಿದ ನಾಳದಲ್ಲಿ ಕೊರತೆಯಾಗುವುದನ್ನೇ. ಇಟಲಿಯ ವೈದ್ಯರು 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ರೋಗಿಗಳಿಗೆ ದಿನಕ್ಕೆ 60 ಮಿಲಿಗ್ರಾಮಿನಂತೆ ಮೂರು ತಿಂಗಳು ಈ ಸಾರವನ್ನು ಕೊಟ್ಟಾಗ ರಕ್ತದಲ್ಲಿ ಯುರಾನಿಕ್ ಆಮ್ಲಗಳೂ ಕಿಣ್ವಗಳೂ ಕ್ರಮೇಣ ಇಳಿದವು. ಗೋಡೆಯ ಅಂಟುಪದಾರ್ಥ ಒಡೆದಾಗ ರಕ್ತಕ್ಕೆ ಸೇರುವ ಚೂರುಗಳೇ ಯುರಾನಿಕ್ ಆಮ್ಲಗಳಾದ್ದರಿಂದ ಅವು ಕಡಿಮೆಯಾದವೆಂದರೆ ಒಡೆಯುವಿಕೆ ನಿಧಾನವಾಯಿತೆಂದು ಊಹಿಸಬಹುದು. ನಾಳದ ಗೋಡೆಯನ್ನು ಕತ್ತರಿಸದೆ ಅದರ ರಸಾಯನವನ್ನು ರಕ್ತದಿಂದ ಓದುವ ಈ ಉಪಾಯ ಬುದ್ಧಿವಂತಿಕೆಯದು. ಅಧ್ಯಯನ ಚಿಕ್ಕದೆಂಬ ಮಿತಿಯನ್ನೂ ಅದರ ಜೊತೆಗೇ ನೆನೆಯಬೇಕು.

ಇನ್ನು ಮೋಸಂಬಿ, ಕಿತ್ತಳೆಗಳ ವಿಷಯ. ಹಣ್ಣಿನ ರಸದ ಅಂಗಡಿಯಲ್ಲಿ ಬುಟ್ಟಿಗೆ ಬೀಳುವ ಸಿಪ್ಪೆ ಮತ್ತು ಅದರೊಳಗಿನ ಬಿಳಿ ತಿರುಳಿನಲ್ಲಿ ಹೆಸ್ಪೆರಿಡಿನ್ ಎಂಬ ಫ್ಲೇವನಾಯ್ಡ್ ಇದೆ. 1828ರಷ್ಟು ಹಿಂದೆಯೇ ಬೇರ್ಪಡಿಸಲ್ಪಟ್ಟ ಪದಾರ್ಥವದು. ಅದರ ಅಣುವಿನಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ತೆಗೆದರೆ ಡಯೋಸ್ಮಿನ್ ಆಗುತ್ತದೆ, ಔಷಧ ಕಾರ್ಖಾನೆಗಳು ಇದನ್ನು ಅಯೋಡಿನ್ನಿನ ನೆರವಿನಿಂದ ಮಾಡುತ್ತವೆ. ಶೇ 90 ಡಯೋಸ್ಮಿನ್ ಮತ್ತು ಹೆಸ್ಪೆರಿಡಿನ್ ರೂಪದಲ್ಲಿ ಲೆಕ್ಕ ಹಾಕುವ ಶೇ 10 ಇತರ ಫ್ಲೇವನಾಯ್ಡುಗಳ ಮಿಶ್ರಣವನ್ನು ಎರಡು ಮೈಕ್ರಾನಿಗಿಂತ ನುಣ್ಣಗೆ ಅರೆದು ಮಾಡಿದ ಮಾತ್ರೆಯೇ ಭಾರತದ ಔಷಧದಂಗಡಿಗಳಲ್ಲಿ ಡ್ಯಾಫ್ಲಾನ್ ಎಂಬ ಹೆಸರಿನಿಂದ ಸಿಗುವುದು. ನುಣ್ಣಗೆ ಅರೆಯುವುದು ಬರಿಯ ತೋರಿಕೆಗಲ್ಲ, ಒರಟು ಪುಡಿಗಿಂತ ಅದು ಕರುಳಿನಲ್ಲಿ ಹೆಚ್ಚು ಹೀರಲ್ಪಡುತ್ತದೆಂದು ಅಳೆದು ತೋರಿಸಲಾಗಿದೆ. ಬಿಳಿಕಣಗಳು ಒಳಪೊರೆಗೆ ಅಂಟಿಕೊಳ್ಳಲು ನೆರವಾಗುವ ಅಣುಗಳ ಮಟ್ಟವನ್ನು ಈ ಔಷಧ ಇಳಿಸುವುದು ರೋಗಿಗಳಲ್ಲಿ ಕಂಡುಬಂದಿದೆ.

ಹಾಗಾದರೆ ಮೋಸಂಬಿಯ ಸಿಪ್ಪೆ, ಈರುಳ್ಳಿಯ ಹೊರಪದರದಲ್ಲಿ ಹೇರಳವಾಗಿರುವ ಕ್ವೆರ್ಸೆಟಿನ್, ದಾಳಿಂಬೆ ಸಿಪ್ಪೆಯ ಟ್ಯಾನಿನ್, ಹಿತ್ತಲಿನ ನುಗ್ಗೆಸೊಪ್ಪು ಇವನ್ನೆಲ್ಲ ತಿಂದರೆ ನಾಳದ ಗೋಡೆ ಗಟ್ಟಿಯಾಗುತ್ತದೆಯೆ? ಹೀಗೆ ಕೇಳುವುದು ಸಹಜ, ಇದಕ್ಕೆ ಹೌದೆಂದು ಉತ್ತರಿಸುವವರೂ ಬಹಳ. ಆದರೆ ಗಾಜಿನ ತಟ್ಟೆಯಲ್ಲಿ ಕಿಣ್ವವನ್ನು ತಡೆಯಲು ಬಳಸುವ ಪ್ರಮಾಣ, ಊಟದ ನಂತರ ರಕ್ತದಲ್ಲಿ ದೊರೆಯುವ ಪ್ರಮಾಣಕ್ಕಿಂತ ಅನೇಕ ವೇಳೆ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಫ್ಲೇವನಾಯ್ಡುಗಳು ಸಸ್ಯದಲ್ಲಿ ಸಕ್ಕರೆಯೊಂದಿಗೆ ಜೋಡಿಕೊಂಡಿರುತ್ತವೆ. ಹೆಸ್ಪೆರಿಡಿನ್ನಿನ ಸಕ್ಕರೆ ಕಳಚುವುದು ದೊಡ್ಡ ಕರುಳಿನ ಸೂಕ್ಷ್ಮಾಣುಗಳಿಂದ, ಕಳಚಿದ ಭಾಗವನ್ನು ಕರುಳಿನ ಗೋಡೆ ಮತ್ತು ಯಕೃತ್ತು ಬೇರೆ ರೂಪಕ್ಕೆ ತಿರುಗಿಸುತ್ತವೆ, ಕೊನೆಗೆ ಕಾಲಿನ ನಾಳವನ್ನು ತಲುಪುವುದು ಮೂಲ ಪದಾರ್ಥವಲ್ಲ, ಅದರ ರೂಪಾಂತರ. ಆದ್ದರಿಂದ ತಟ್ಟೆಯ ಮೇಲಿನ ಪ್ರಯೋಗವನ್ನು ನೇರವಾಗಿ ಊಟದ ಸಲಹೆಯಾಗಿ ಬರೆಯುವುದು ಓದುಗನಿಗೆ ಮಾಡುವ ಅನ್ಯಾಯ. ಸೊಪ್ಪು, ಹಣ್ಣು, ಈರುಳ್ಳಿ ತಿನ್ನಲು ಬೇರೆ ಸಾವಿರ ಕಾರಣಗಳಿವೆ, ಉಬ್ಬಿದ ನಾಳವನ್ನು ಕುಗ್ಗಿಸುವ ಭರವಸೆ ಅವುಗಳಲ್ಲೊಂದಲ್ಲ.

ಶುದ್ಧೀಕರಿಸಿ ಅಳತೆಗಟ್ಟಿದ ಸಾರಗಳ ವಿಷಯದಲ್ಲಿ ಮಾತ್ರ ಸಾಕ್ಷ್ಯ ತಕ್ಕಮಟ್ಟಿಗೆ ಗಟ್ಟಿಯಾಗಿದೆ. ಜರ್ಮನಿಯಲ್ಲಿ 240 ರೋಗಿಗಳ ಮೇಲೆ ನಡೆದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಬಿಗಿ ಕಾಲುಚೀಲ, ಕೆಲವರಿಗೆ 50 ಮಿಲಿಗ್ರಾಂ ಏಸ್ಸಿನ್ ಇರುವ ಸಾರ ದಿನಕ್ಕೆ ಎರಡು ಬಾರಿ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಯಿತು. 12 ವಾರಗಳ ನಂತರ ಕೆಳಗಾಲಿನ ಬಾವು ಕಾಲುಚೀಲದವರಲ್ಲಿ ಸರಾಸರಿ 46.7 ಮಿಲಿಲೀಟರ್, ಏಸ್ಸಿನ್ ಪಡೆದವರಲ್ಲಿ 43.8 ಮಿಲಿಲೀಟರ್ ಇಳಿದಿದ್ದರೆ, ಬರಿಯ ಮಾತ್ರೆಯವರಲ್ಲಿ 9.8 ಮಿಲಿಲೀಟರ್ ಏರಿತ್ತು. ನಾಳಗಳಿಗೆ ಬಲ ಕೊಡುವವೆಂದು ಹೇಳಲಾಗುವ ಇಂಥ ಎಲ್ಲ ಔಷಧಗಳ ಕುರಿತ 69 ಪ್ರಯೋಗಗಳನ್ನು 2020ರಲ್ಲಿ ಕೊಕ್ರೇನ್ ಸಂಸ್ಥೆ ಒಟ್ಟಾಗಿ ತೂಗಿ ನೋಡಿದಾಗ, ಅವು ಬಾವನ್ನು ಸ್ವಲ್ಪಮಟ್ಟಿಗೆ ತಗ್ಗಿಸುವ ಸಾಧ್ಯತೆಯಿದೆ, ಆದರೆ ರೋಗಿಯ ದೈನಂದಿನ ಬದುಕಿನ ಗುಣಮಟ್ಟದಲ್ಲಾಗಲಿ ಹುಣ್ಣು ಮಾಯುವುದರಲ್ಲಾಗಲಿ ಹೆಚ್ಚಿನ ವ್ಯತ್ಯಾಸ ಕಾಣದು ಎಂಬ ನಿರ್ಣಯಕ್ಕೆ ಬಂತು.

ಲ್ಯಾನ್ಸೆಟ್ಟಿನ ಆ ಪ್ರಯೋಗಕ್ಕೆ ರಾಯಚೂರಿನಲ್ಲಿ ಜರ್ಮನಿಯಲ್ಲಿ ಇರುವುದಕ್ಕಿಂತ ದೊಡ್ಡ ಅರ್ಥವಿದೆ. ಬಿಗಿ ಕಾಲುಚೀಲವೇ ಈ ಕಾಯಿಲೆಯ ಮೊದಲ ಆಸರೆಯೆಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಆ ಗ್ರಂಥಗಳು ಹುಟ್ಟಿದ್ದು ತಂಪು ದೇಶಗಳಲ್ಲಿ. ಮೇ ತಿಂಗಳ ಬಿಸಿಲಿನಲ್ಲಿ ದೇವದುರ್ಗದ ಹೊಲದಲ್ಲಿ ಕೆಲಸ ಮಾಡುವ ಕೂಲಿಯ ಹೆಣ್ಣುಮಗಳು ತೊಡೆಯವರೆಗಿನ ಬಿಗಿ ಕಾಲುಚೀಲ ಹಾಕಿಕೊಂಡು ದಿನ ಕಳೆಯಲಾರಳು, ಕೆಸರುಗದ್ದೆಯಲ್ಲಂತೂ ಅದು ಆಗದ ಮಾತು. ಬೆಲೆಯೂ ಅವಳ ಕೂಲಿಗೆ ನಿಲುಕುವಂಥದ್ದಲ್ಲ. ಕಾಲುಚೀಲ ಹಾಕಲಾಗದವರಿಗೆ ಬಾವು ತಗ್ಗಿಸುವ ಮಾತ್ರೆ ಬದಲಿಯಾಗಬಹುದೇ ಎಂಬುದು ಯೂರೋಪಿನಲ್ಲಿ ಅನುಕೂಲದ ಪ್ರಶ್ನೆ, ಇಲ್ಲಿ ಅನಿವಾರ್ಯತೆಯ ಪ್ರಶ್ನೆ. ಬಿಸಿಲುನಾಡಿನ ದುಡಿಯುವ ಜನರ ಮೇಲೆಯೇ ನಡೆಸಿದ ಪ್ರಯೋಗದಿಂದ ಮಾತ್ರ ಇದಕ್ಕೆ ಉತ್ತರ ದೊರೆತೀತು.

ಈ ಜಿಲ್ಲೆಯಲ್ಲಿ ಕಾಲು ಬಾತರೆ ಅದು ಉಬ್ಬಿದ ನಾಳದಿಂದಲೇ ಎಂದು ತಿಳಿಯುವುದೂ ಸಲ್ಲದು. ರಾಯಚೂರು ಆನೆಕಾಲು ರೋಗ ಇರುವ ಜಿಲ್ಲೆಗಳಲ್ಲೊಂದು. ಆ ರೋಗದಲ್ಲಿ ಕಟ್ಟಿಕೊಳ್ಳುವುದು ದುಗ್ಧರಸದ ನಾಳ, ಕಾರಣ ಸೊಳ್ಳೆಯಿಂದ ಬರುವ ಫೈಲೇರಿಯಾ ಹುಳು, ಚಿಕಿತ್ಸೆಯೇ ಬೇರೆ. ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಬರುವ ಕೀಲು–ಮೂಳೆಗಳ ನೋವೂ ಇಲ್ಲಿ ಹಳೆಯದು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆಯಿದ್ದು, ಆ ಹೆಪ್ಪು ಪುಪ್ಪುಸಕ್ಕೆ ಸರಿದರೆ ಪ್ರಾಣಕ್ಕೇ ಕುತ್ತು. ಇಂಥ ಹೊತ್ತಿನಲ್ಲಿ ಎಲೆ, ಬೇರು, ಲೇಪವೆಂದು ಕಾಲ ಕಳೆಯುವುದು ಅಪಾಯ. ರಕ್ತನಾಳದಲ್ಲಿ ರಕ್ತ ಯಾವ ದಿಕ್ಕಿಗೆ ಹರಿಯುತ್ತಿದೆಯೆಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದ ನಂತರವೇ ಮುಂದಿನ ದಾರಿ ತೀರ್ಮಾನವಾಗಬೇಕು. ಕವಾಟ ಪೂರ್ತಿ ಕೆಟ್ಟ ನಾಳವನ್ನು ಶಾಖದಿಂದ ಮುಚ್ಚುವ ಲೇಸರ್ ಚಿಕಿತ್ಸೆ ಅಥವಾ ಶಸ್ತ್ರಚಿಕಿತ್ಸೆಯ ಸ್ಥಾನವನ್ನು ಯಾವ ಸಸ್ಯಸಾರವೂ ತುಂಬಲಾರದು.

ಸಸ್ಯವೆಂದ ಮಾತ್ರಕ್ಕೆ ನಿರಪಾಯವೆಂಬ ನಂಬಿಕೆಯೂ ಇಲ್ಲಿ ಹೊಂದದು. ಹಾರ್ಸ್ ಚೆಸ್ಟ್‌ನಟ್ಟಿನ ಹಸಿ ಬೀಜ ವಿಷಕಾರಿ. ಅದರ ಎಸ್ಕ್ಯುಲಿನ್ ಎಂಬ ಅಂಶವನ್ನು ತೆಗೆದ ಸಾರವೇ ಔಷಧ. ಒಂದೆಲಗದ ಮಾತ್ರೆಗಳನ್ನು ವಾರಗಟ್ಟಲೆ ಸೇವಿಸಿದ ಕೆಲವರಲ್ಲಿ ಯಕೃತ್ತು ಕೆಟ್ಟ ವರದಿಗಳಿವೆ, ಮಾತ್ರೆ ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು. ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಔಷಧ ಸೇವಿಸುವವರೂ ಬಸುರಿಯರೂ ವೈದ್ಯರನ್ನು ಕೇಳದೆ ಇಂಥ ಯಾವುದನ್ನೂ ಮುಟ್ಟಬಾರದು.

2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ, ನವೋದಯ ವೈದ್ಯಕೀಯ ಕಾಲೇಜು, ಗಿಡಮೂಲಿಕೆಗಳ ವಿಶ್ಲೇಷಣೆ ಬಲ್ಲ ಔಷಧ ವಿಜ್ಞಾನದ ವಿ. ಎಲ್. ಕಾಲೇಜು, ಹತ್ತಿ–ದಾಳಿಂಬೆಗಳ ರಸಾಯನ ತಿಳಿದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಇವೆಲ್ಲ ಒಂದೇ ನಗರದಲ್ಲಿವೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ನಾಳದ ತುಂಡು ಸಾಮಾನ್ಯವಾಗಿ ಆಸ್ಪತ್ರೆಯ ತ್ಯಾಜ್ಯದ ಹಳದಿ ಚೀಲಕ್ಕೆ ಸೇರುತ್ತದೆ. ರೋಗಿಯ ಒಪ್ಪಿಗೆ ಮತ್ತು ನೈತಿಕ ಸಮಿತಿಯ ಅನುಮತಿ ಪಡೆದು ಆ ತುಂಡಿನಲ್ಲಿ ಕೊಲಾಜೆನ್, ಎಲಾಸ್ಟಿನ್, ಕಿಣ್ವಗಳನ್ನು ಅಳೆದು, ಒಂದೆಲಗದ, ಹತ್ತಿಹೂವಿನ, ಮೋಸಂಬಿ ಸಿಪ್ಪೆಯ ಶುದ್ಧ ಸಾರಗಳು ಅವುಗಳ ಮೇಲೆ ಏನು ಮಾಡುತ್ತವೆಂದು ಪರೀಕ್ಷಿಸುವುದು ಈ ಸಂಸ್ಥೆಗಳು ಜೊತೆಗೂಡಿದರೆ ಆಗದ ಕೆಲಸವೇನಲ್ಲ. ಕೆಸರಿನಲ್ಲಿ ನಿಂತು ಅನ್ನ ಬೆಳೆಯುವವರ ಕಾಲಿನ ಕಾಯಿಲೆಯನ್ನು ಅವರ ನೆಲದಲ್ಲೇ, ಅವರ ಬಿಸಿಲಿನಲ್ಲೇ ಅಭ್ಯಸಿಸುವ ಹೊಣೆಯನ್ನು ಅವು ಹೊರಬೇಕು. ಅಲ್ಲಿಯವರೆಗೆ, ಕಾಲಿನ ನರ ಉಬ್ಬಿದವರು ಸಂಜೆ ಕಾಲುಗಳನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಟ್ಟು ಮಲಗಲಿ, ನಿಂತಲ್ಲೇ ನಿಲ್ಲದೆ ಆಗಾಗ ನಾಲ್ಕು ಹೆಜ್ಜೆ ನಡೆಯಲಿ, ಪಾದದ ಕೀಲಿನ ಮೇಲ್ಭಾಗದ ಚರ್ಮ ಕಪ್ಪಾಗತೊಡಗಿದರೆ ಹುಣ್ಣು ಬೀಳುವ ಮೊದಲೇ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ ತೋರಿಸಲಿ.